ಸಂಜವ್ವ ಮತ್ತು ಬೋರಲು ಹಾಕಿದ ಹರಿಗೋಲು

ಬಾ, ಈ ಕಡೆ ತಿರುಗಿ ಮಲಗು. ಕಾಲು ಕೌದಿ ಒಳಗೆ ಇರಲಿ. ನಾನು ಹೇಳ್ತಾ ಇದ್ರೆ ನೀನು ಹೂಂ ಅಂತಿರಬೇಕು. ಹೂಂ ನಿಂತ್ರೆ ಕತೆನೂ ನಡು ಹೊಳೆಯಲ್ಲಿ ನಿಂತುಬಿಡುತ್ತೆ, ಆಮೇಲೆ ನನ್ನ ಬೈಬೇಡ.

ಒಂದಾನೊಂದು ಕಾಲದಲ್ಲಿ, ಸಂಜೆಗಳು ಈಗಿನಕ್ಕಿಂತ ಉದ್ದ ಇದ್ವಲ್ಲ, ಆ ಕಾಲದಲ್ಲಿ, ಒಂದು ದೊಡ್ಡ ಹೊಳೆ ದಡದಲ್ಲಿ ಹುಲಿಗೆಪ್ಪ ಅಂತ ಒಬ್ಬ ಅಂಬಿಗ ಇದ್ನಂತೆ. ಅವನಿಗೆ ಗಾಳೆವ್ವ ಅಂತ ಹೆಂಡತಿ, ತುಂಗವ್ವ ಅಂತ ಒಬ್ಬಳೇ ಮಗಳು, ಆಮೇಲೆ ಒಂದು ಹರಿಗೋಲು. ಹರಿಗೋಲು ನೀನು ನೋಡಿಲ್ಲ ಬಿಡು. ಬುಟ್ಟಿ ಹಾಗೆ ದುಂಡಗೆ ಇರುತ್ತೆ, ಬಿದಿರಲ್ಲಿ ಹೆಣೆದು ಹೊರಗಡೆಯಿಂದ ಎಮ್ಮೆ ತೊಗಲು ಬಿಗಿದಿರ್ತಾರೆ. ಹಗಲೆಲ್ಲಾ ಜನರನ್ನ ಆ ದಡಕ್ಕೆ ಈ ದಡಕ್ಕೆ ದಾಟಿಸೋದು, ಹೊತ್ತು ಇಳಿದ ಮೇಲೆ ಹರಿಗೋಲನ್ನ ಮೇಲಕ್ಕೆ ಎಳೆದು, ಒಣಗಲಿ ಅಂತ ಮರಳ ಮೇಲೆ ಬೋರಲು ಹಾಕೋದು, ಅದು ಅವನ ಕೆಲಸ.

ಬೋರಲು ಹಾಕಿದ ಮೇಲೆ ಇನ್ನೊಂದು ಕೆಲಸ ಇತ್ತು. ತೊಗಲಿನ ಮೇಲೆಲ್ಲಾ ಬೆರಳಲ್ಲಿ ಬಡಿದು ನೋಡಬೇಕು. ಗಟ್ಟಿ ಇದ್ದ ಕಡೆ ಧಿಮ್ ಅನ್ನುತ್ತೆ, ಕೊಳೆತ ಕಡೆ ದಬ್ ಅನ್ನುತ್ತೆ. ಅವರಪ್ಪ ಕಲಿಸಿದ್ದು ಅದನ್ನೇ. ನಮ್ಮ ಹುಲಿಗೆಪ್ಪ ಏನು ಮಾಡ್ತಿದ್ದ? ಬೋರಲು ಹಾಕೋದೇ ತಡ, ಕೈ ಕೊಡವಿಕೊಂಡು ಸೀದಾ ಈಚಲು ಮರದ ಬುಡಕ್ಕೆ ಹೋಗ್ತಿದ್ದನಂತೆ. ಅಲ್ಲಿ ಹೆಂಡದ ಮಡಕೆ ಕಾಯ್ಕೊಂಡು ಕೂತಿರ್ತಿತ್ತು. ಕುಡಿದು ಕುಡಿದು, ಸಂಜೆ ಅನ್ನೋದು ಯಾವ ಬಣ್ಣ ಅಂತಾನೂ ಅವನಿಗೆ ಮರೆತು ಹೋಗಿತ್ತಂತೆ.

ಆಮೇಲೆ ಒಂದು ದಿನ ಗಾಳೆವ್ವ ಬೇಡ ಬೇಡ ಅಂದ್ರೂ ಕೇಳದೆ, ತಲೆ ತುಂಬಾ ಹೆಂಡ ಇಟ್ಕೊಂಡು, ತುಂಗವ್ವನ್ನ ಕೂರಿಸ್ಕೊಂಡು ಹೊಳೆಗೆ ಇಳಿದ. ನಡು ಹೊಳೆಗೆ ಹೋಗ್ತಿದ್ದ ಹಾಗೇ ಹರಿಗೋಲು ಬುಗುರಿ ತಿರುಗಿದ ಹಾಗೆ ತಿರುಗ್ತು, ಮಗಳು ಕೂತ ಕಡೆಯೇ ತೊಗಲು ಬಾಯಿ ಬಿಟ್ಟು ನೀರು ನುಗ್ಗಿತು. ಅದು ಹೇಗೆ ದಡ ಸೇರಿದ್ರೋ ಆ ಗಂಗಮ್ಮನಿಗೇ ಗೊತ್ತು. ತುಂಗವ್ವ ಅಳಲಿಲ್ಲವಂತೆ. ಒದ್ದೆ ಲಂಗ ಹಿಂಡಿಕೊಂಡು, ಅಪ್ಪನ ಮುಖ ನೋಡಿ, ಇನ್ನ ನಿನ್ನ ಹರಿಗೋಲು ಹತ್ತಲ್ಲಪ್ಪಾ ಅಂದಳಂತೆ. ಅಷ್ಟೇ. ಒಂದು ಏಟು ಹೊಡೆದಿದ್ರೂ ಅವನಿಗೆ ಅಷ್ಟು ನೋವಾಗ್ತಿರಲಿಲ್ಲ.

ಆ ಊರಲ್ಲಿ ಒಂದು ಪದ್ಧತಿ ಇತ್ತು. ಬೇಸಿಗೆಯಲ್ಲಿ ಹೊಳೆ ಬತ್ತುತ್ತೆ, ಜನ ಕಾಲಲ್ಲೇ ದಾಟ್ತಾರೆ. ಆಮೇಲೆ ಹೊಸ ನೀರು ಬಂದ ದಿನ, ದೀಪ ಹಚ್ಚೋ ಹೊತ್ತಿಗೆ, ಅಂಬಿಗನ ಮನೆ ಮಗು ಕೈಯಲ್ಲಿ ಹಣತೆ ಹಿಡ್ಕೊಂಡು ಮೊದಲು ಹರಿಗೋಲು ಹತ್ತಬೇಕು. ತನ್ನ ಮಗುನೇ ನಂಬದ ಅಂಬಿಗನ್ನ ಬೇರೆಯವರು ಹೇಗೆ ನಂಬ್ತಾರೆ, ಹೇಳು? ಹುಲಿಗೆಪ್ಪ ಅವತ್ತೇ ಹೊಳೆಗೆ ಇಳಿದ. ಹೊಳೆ ನೀರು ಬೊಗಸೆಯಲ್ಲಿ ಹಿಡಿದು, ಇನ್ನ ಹೆಂಡ ಮುಟ್ಟಲ್ಲ ಅಂತ ಆಣೆ ಮಾಡಿದ.

ಹೂಂ ಅನ್ನೇ. ಹಾಂ.

ಆಣೆ ಮಾಡೋದೇನೋ ಸುಲಭ. ಹೊತ್ತು ಇಳಿಯಿತು. ಆಗ ಬಂದಳು ನೋಡು ಸಂಜವ್ವ. ಆ ದಡದಿಂದ, ನೀರಿನ ಮೇಲೆ ನಡ್ಕೊಂಡು, ಕುಂಕುಮದ ಬಣ್ಣದ ಸೀರೆ ಉಟ್ಕೊಂಡು, ಸೆರಗನ್ನ ಹೊಳೆಯಲ್ಲಿ ಎಳ್ಕೊಂಡು. ಬೇರೆಯವರ ಕಣ್ಣಿಗೆ ಅದು ಬರೀ ಬೆಳಕು, ಹುಲಿಗೆಪ್ಪನ ಕಣ್ಣಿಗೆ ಮಾತ್ರ ಸಂಜವ್ವ. ಬಂದವಳೇ ಬೋರಲು ಹಾಕಿದ ಹರಿಗೋಲಿನ ಮೇಲೆ ಕೂತು, ಹುಲಿಗೆಪ್ಪಾ, ಇವತ್ತು ನನಗೆ ಏನು ಕೊಡ್ತೀಯಪ್ಪಾ ಅಂದಳಂತೆ. ದಿನಾ ಅವಳು ಬಂದಾಗ ಮಡಕೆ ಎತ್ತಿ ಕುಡಿದು ಹೊತ್ತು ಕಳೀತಿದ್ದನಲ್ಲ, ಈಗ ಕೊಡೋಕೆ ಕೈಯಲ್ಲಿ ಏನೂ ಇಲ್ಲ. ಎದೆ ಒಣಗುತ್ತೆ, ಬೆರಳು ನಡುಗುತ್ತೆ, ಹೊತ್ತು ಅನ್ನೋದು ಮುಂದಕ್ಕೇ ಹೋಗೊಲ್ಲ.

ಮೊದಲು ಅವನು, ನಿದ್ದೆ ಮಾಡಿಬಿಟ್ರೆ ಇವಳ ಕಾಟ ತಪ್ಪುತ್ತೆ ಅಂದ್ಕೊಂಡ. ಕೋಳಿ ಗೂಡಿಗೆ ಹೋಗೋ ಮುಂಚೆನೇ ಮುಸುಕು ಹಾಕ್ಕೊಂಡು ಮಲಗಿದ. ಸಂಜವ್ವ ಬಿಡ್ತಾಳಾ? ಕಿಟಕಿಯಿಂದ ಕೈ ಚಾಚಿ ಕಾಲು ಬೆರಳು ಎಳೆದಳು, ಕೌದಿ ತೂತಲ್ಲಿ ಇಣುಕಿದಳು, ಏಳಪ್ಪಾ, ನನಗೆ ಏನು ಕೊಡ್ತೀಯ ಅಂದಳು. ಬಲಕ್ಕೆ ಹೊರಳಿದ್ರೂ ಅವಳೇ, ಎಡಕ್ಕೆ ಹೊರಳಿದ್ರೂ ಅವಳೇ. ಮಲಗಿ ಮಲಗಿ ಬೆನ್ನು ನೋವು ಬಂತೇ ಹೊರತು ನಿದ್ದೆ ಬರಲಿಲ್ಲ.

ಆಮೇಲೆ, ಕೆಲಸ ಮಾಡಿ ಮಾಡಿ ಇವಳನ್ನ ಓಡಿಸ್ತೀನಿ ಅಂತ ಹೊರಟ. ಹೊತ್ತು ಮುಳುಗಿದ್ರೂ ಹರಿಗೋಲು ಎಳೀಲಿಲ್ಲ. ದಾಟೋಕೆ ಜನ ಇಲ್ಲದಿದ್ರೆ ಖಾಲಿ ಹರಿಗೋಲಿಗೇ ಹುಟ್ಟು ಹಾಕಿದ. ಮಗಳು ಬಾಗಿಲಲ್ಲಿ ನಿಂತು ನೋಡ್ತಿದ್ಲಂತೆ, ಅಪ್ಪ ಯಾರನ್ನ ದಾಟಿಸ್ತಾ ಇದಾನೆ ಅಂತ. ಸಂಜವ್ವ ಎದುರಿಗೇ ಕೂತ್ಕೊಂಡು, ಇದು ನಿನ್ನ ಕೆಲಸ ಕಣಪ್ಪಾ, ನನಗೆ ಕೊಟ್ಟಿದ್ದು ಏನು ಅಂತಿದ್ಲಂತೆ. ತೋಳು ಬಿದ್ದು ಹೋಗೋ ಹಾಗಾಯ್ತು, ಮನಸ್ಸಿನ ಹಸಿವು ಮಾತ್ರ ಹಾಗೇ ಇತ್ತು.

ಆಗ ಅವನು ಹುಟ್ಟು ಬಿಸಾಕಿದ. ಇನ್ನ ನನ್ನ ಕೈಲಿ ಆಗೊಲ್ಲ ಅಂತ ಈಚಲು ಮರದ ಕಡೆ ನಡೆದೇಬಿಟ್ಟ. ಮಡಕೆ ಅಲ್ಲೇ ಇತ್ತು. ಕೈ ಇಟ್ಟ. ತಣ್ಣಗೆ ಇತ್ತು. ಹಿಂದೆಯೇ ಬಂದಿದ್ದ ಸಂಜವ್ವ ಅವನನ್ನ ಬೈಯಲಿಲ್ಲ, ಎಳೀಲೂ ಇಲ್ಲ. ಸೆರಗಲ್ಲಿ ಕಣ್ಣು ಒರೆಸ್ಕೊಂಡು, ಇಷ್ಟು ವರ್ಷ ದಿನಾ ನಿನ್ನ ಬಾಗಿಲಿಗೆ ಬಂದೆ ಹುಲಿಗೆಪ್ಪಾ, ಒಂದು ದಿನವಾದ್ರೂ ನನ್ನ ಮುಖ ನೋಡಿದೀಯಾ ಅಂದಳಂತೆ.

ಅವನು ತಲೆ ಎತ್ತಿ ನೋಡಿದ. ಅಯ್ಯೋ ಮಗಾ, ಏನು ಚಂದ ಇದ್ಲು ಅಂತೀಯ! ಹಣೆ ತುಂಬಾ ಕೆಂಪು, ಕೆನ್ನೆ ಮೇಲೆ ಅರಿಶಿನ, ಮುಡಿಯಲ್ಲಿ ಮಲ್ಲಿಗೆ ಮುಡಿದ ಹಾಗೆ ಬೆಳ್ಳಕ್ಕಿ ಸಾಲು, ಅವು ಹಾರ್ತಾ ಇವೆ. ಸೆರಗಿನ ಅಂಚಲ್ಲಿ ಒಂದೇ ಒಂದು ಚುಕ್ಕಿ. ಹುಲಿಗೆಪ್ಪನಿಗೆ ಅಳು ಬಂತು. ಇಷ್ಟು ಸಂಜೆ ಕಳ್ಕೊಂಡೆನಲ್ಲಾ ಅಂತ ಅತ್ತ. ಮಡಕೆ ಮೇಲಿಂದ ಕೈ ತಾನಾಗೇ ಜಾರ್ತು.

ಆಮೇಲೆ ಅವನು ದಡಕ್ಕೆ ಬಂದು, ಹರಿಗೋಲು ಎಳೆದು ಬೋರಲು ಹಾಕಿ, ಅದಕ್ಕೆ ಒರಗಿ ಮರಳಲ್ಲಿ ಕೂತ. ಏನೋ ಮಾಡಬೇಕು ಅಂತ ಕೂತಿದ್ದಲ್ಲ. ಬೆರಳು ನಡುಗ್ತಾ ಇತ್ತು, ತೊಗಲಿನ ಮೇಲೆ ಇಟ್ಟ. ಬಡಿದ. ಧಿಮ್. ಇನ್ನೊಂದು ಸಲ ಬಡಿದ. ಧಿಮ್ ಧಿಮ್. ಬಿಸಿಲಿಗೆ ಒಣಗಿದ ತೊಗಲು, ಒಳಗೆಲ್ಲಾ ಖಾಲಿ, ನಗಾರಿಯ ಹಾಗೆ ತುಂಬಿಕೊಂಡು ನುಡೀತು. ಅವನ ಅಪ್ಪ ಬಡಿದು ನೋಡ್ತಾ ನೋಡ್ತಾ ಒಂದು ಪದ ಹಾಡ್ತಿದ್ದ, ಅದು ಎಲ್ಲಿತ್ತೋ, ಬಾಯಿಗೆ ಬಂತು. ಸಂಜವ್ವ ಏನೂ ಕೇಳದೆ ಹರಿಗೋಲಿನ ಆ ಕಡೆ ಕೂತು ತಲೆ ತೂಗಿದಳು. ನಡುಗೋ ಬೆರಳು ಯಾವಾಗ ತಾಳಕ್ಕೆ ಬಿತ್ತೋ ಅವನಿಗೂ ಗೊತ್ತಾಗಲಿಲ್ಲ, ಕತ್ತಲಾದದ್ದೂ ಗೊತ್ತಾಗಲಿಲ್ಲ.

ಮಾರನೇ ದಿನ ಗಾಳೆವ್ವ ರೊಟ್ಟಿ ಬಡಿಯೋಳು ಅದೇ ತಾಳಕ್ಕೆ ಬಡಿದಳಂತೆ. ಅವಳಿಗೆ ನಗು. ಇದೇನ್ರಿ ಹೊಸ ಹುಚ್ಚು ಅಂತ ಗಂಡನಿಗೆ ಅಂದ್ಲು, ಅಂದ್ರೂ ಸಂಜೆ ತಾನೂ ದಡಕ್ಕೆ ಬಂದು ಒಂದು ಬೀಸೋ ಪದ ಹಾಡಿದಳು. ತುಂಗವ್ವ ಮಾತ್ರ ಹೊಸ್ತಿಲು ದಾಟಲಿಲ್ಲ. ಅಲ್ಲೇ ಕೂತು ಕೇಳಿದಳು. ಇನ್ನೊಂದು ಸಂಜೆ ಬೇವಿನ ಮರದ ತನಕ ಬಂದಳು. ಅಪ್ಪ ಬಾ ಅಂತ ಕರೀಲಿಲ್ಲ. ಕರೆಯೋಕೆ ಬಾಯಿ ಬರಲಿಲ್ಲ ಪಾಪ, ಬಡೀತಾ ಇದ್ದ ಅಷ್ಟೇ. ಆಮೇಲೆ ಒಂದು ಸಂಜೆ ಬಂದು ಹರಿಗೋಲಿನ ಹತ್ತಿರವೇ ಕುಕ್ಕರಗಾಲಲ್ಲಿ ಕೂತಳು. ಹಾಗೇ ಕೇಳ್ತಾ ಕೇಳ್ತಾ, ಅಪ್ಪಾ, ಅಲ್ಲಿ ಬೇರೆ ಥರ ಕೇಳುತ್ತೆ ಅಂದಳು.

ಎಲ್ಲಿ ಅಂದ. ಅವಳು ಬೆರಳಿಟ್ಟು ತೋರಿಸಿದಳು. ಬಡಿದ. ದಬ್. ಅದು ಅವಳು ಅವತ್ತು ಕೂತಿದ್ದ ಜಾಗ. ಅವತ್ತಿನ ತೂತಿಗೆ ಮೇಲೆ ಒಂದು ಚಿಂದಿ ಒತ್ತಿ ರಾಳ ಬಳಿದಿದ್ದ, ಸುತ್ತಲಿನ ತೊಗಲೆಲ್ಲಾ ಕೊಳೆತು ಹಾಗೇ ಇತ್ತು. ಎಷ್ಟು ಸಂಜೆ ಅದನ್ನ ಬಡಿದು ನೋಡದೆ ಈಚಲು ಮರಕ್ಕೆ ಓಡಿದ್ದೆ ಅಂತ ನೆನೆಸ್ಕೊಂಡು ಹುಲಿಗೆಪ್ಪ ನಾಚ್ಕೊಂಡ. ತಪ್ಪಾಯ್ತು ತಾಯಿ ಅಂದ. ಮಗಳು, ಹೊಲಿಯೋದು ನಂಗೂ ತೋರಿಸು ಅಂದ್ಲು.

ಅಷ್ಟರಲ್ಲಿ ಹೊಳೆ ಬತ್ತಿತ್ತು, ದಾಟಿಸೋ ಕೆಲಸ ಇಲ್ಲ. ಆಮೇಲೆ ದಿನಾ ಅದೇ. ಕೊಳೆತದ್ದನ್ನ ಕೊಯ್ದು, ಹೊಸ ತೊಗಲು ನೆನೆಹಾಕಿ, ಅಪ್ಪ ತೂತು ಹಾಕೋದು, ಮಗಳು ದಾರ ಎಳೆಯೋದು, ಗಾಳೆವ್ವ ರಾಳ ಕಾಸಿ ಕೊಡೋದು. ಬೆಳಕಿರೋ ತನಕ ಹೊಲಿಗೆ, ಬೆಳಕು ಹೋದ ಮೇಲೆ ಪದ. ಒಂದೊಂದು ದಿನ ಹೊಲಿಯೋದೂ ಇಲ್ಲ, ಹಾಡೋದೂ ಇಲ್ಲ, ಮೂರು ಜನ ಮರಳಲ್ಲಿ ಕಾಲು ಚಾಚಿ ಬೆಳ್ಳಕ್ಕಿ ನೋಡ್ತಾ ಕೂರ್ತಿದ್ರಂತೆ. ಗಾಳಿ ಈ ಕಡೆ ಬೀಸಿದಾಗ ಹೆಂಡದ ವಾಸನೆ ಬರ್ತಿತ್ತು, ಬರಲಿಲ್ಲ ಅಂತ ನಾನು ಸುಳ್ಳು ಹೇಳೊಲ್ಲ. ಆಗ ಹುಲಿಗೆಪ್ಪ ಸ್ವಲ್ಪ ಜೋರಾಗಿ ಬಡೀತಿದ್ದ. ತುಂಗವ್ವನಿಗೆ ಅದು ಗೊತ್ತಾಗಿ, ಅವಳೂ ಪುಟ್ಟ ಕೈಯಲ್ಲಿ ಜೋರಾಗಿ ಬಡೀತಿದ್ಲು.

ಕಣ್ಣು ಮುಚ್ಚಿದ್ರೂ ಪರವಾಗಿಲ್ಲ, ಹೂಂ ಅನ್ನು.

ಹೊಸ ನೀರು ಬಂತು. ಕೆಂಪಗೆ, ಮಣ್ಣಿನ ವಾಸನೆ ಹೊತ್ಕೊಂಡು, ದಡ ತುಂಬಾ ಬಂತು. ದೀಪ ಹಚ್ಚೋ ಹೊತ್ತಿಗೆ ಊರ ಜನ ಎಲ್ಲಾ ಸೇರಿದ್ರು. ಹರಿಗೋಲು ಇನ್ನೂ ಬೋರಲು ಇತ್ತು. ಹುಲಿಗೆಪ್ಪ ಮಗಳ ಕಡೆ ನೋಡಲಿಲ್ಲ, ಹೊಳೆ ನೋಡ್ತಾ ನಿಂತ. ಹತ್ತದಿದ್ರೂ ನನ್ನ ಕೂಸು ನನ್ನ ಪಕ್ಕ ಕೂತು ಹಾಡಿದ್ಲಲ್ಲ, ಅಷ್ಟೇ ಸಾಕು ಅಂದ್ಕೊಂಡ. ಸಾಕು ಅಂದ್ಕೊಂಡ ಅಷ್ಟೇ, ಕಿವಿ ಮಾತ್ರ ಮಗಳ ಹೆಜ್ಜೆ ಕಡೆಗೇ ಇತ್ತು.

ತುಂಗವ್ವ ಹಣತೆಯನ್ನ ಅವ್ವನ ಕೈಗೆ ಕೊಟ್ಟು, ಹರಿಗೋಲಿನ ಹತ್ತಿರ ಹೋಗಿ, ತೊಗಲಿಗೆ ಕಿವಿ ಇಟ್ಟು ಬಡಿದಳು. ಧಿಮ್. ಒಂದು ಹೆಜ್ಜೆ ಸರಿದು ಬಡಿದಳು. ಧಿಮ್. ಸುತ್ತಲೂ ಬಡೀತಾ ಬಂದಳು. ಕೊನೆಗೆ ಆ ತೇಪೆ ಹಾಕಿದ ಜಾಗ. ಬಡಿದಳು.

ಧಿಮ್.

ಅವಳು ಅಪ್ಪನ ಹತ್ತಿರ ಬಂದು, ಬಗ್ಗು ಅಂದಳಂತೆ. ಬಗ್ಗಿದ. ಅವನ ಬಾಯಿ ಮೂಸಿ ನೋಡಿದಳು. ಆಮೇಲೆ, ಮಗುಚಪ್ಪಾ ಹರಿಗೋಲನ್ನ, ಹೊತ್ತಾಯ್ತು ಅಂದಳು. ಹಣತೆ ಹಿಡ್ಕೊಂಡು ಹತ್ತಿ, ಹೋಗಿ ಹೋಗಿ ಆ ತೇಪೆ ಮೇಲೇ ಕೂತಳು. ಹುಲಿಗೆಪ್ಪನಿಗೆ ಕಣ್ಣು ತುಂಬಿ ಹೊಳೆಯೇ ಕಾಣಲಿಲ್ಲ, ಆದ್ರೂ ಹುಟ್ಟು ನೆಟ್ಟಗೆ ಬಿತ್ತು, ಹರಿಗೋಲು ಒಂದು ಸುತ್ತೂ ತಿರುಗಲಿಲ್ಲ. ಸಂಜವ್ವ ಪಕ್ಕದಲ್ಲೇ ನೀರಿನ ಮೇಲೆ ನಡೀತಾ ಇದ್ಲು. ಇವತ್ತು ನಿನಗೆ ಏನೂ ತಂದಿಲ್ಲವಲ್ಲ ತಾಯಿ ಅಂತ ಹುಲಿಗೆಪ್ಪ ಮೆಲ್ಲಗೆ ಅಂದ. ಅವಳು ಹಣತೆ ಹಿಡಿದ ಕೂಸನ್ನ ನೋಡಿ, ತಂದಿದೀಯಲ್ಲಪ್ಪಾ ಅಂತ ನಕ್ಕಳಂತೆ.

ಹರಿಗೋಲು ದಡ ಸೇರ್ತು, ಕತೆನೂ ದಡ ಸೇರ್ತು. ಅವರು ಈಗಲೂ ಅಲ್ಲೇ ಇದ್ದಾರೆ, ಪದ ಹೇಳ್ಕೊಂಡು ಚೆನ್ನಾಗಿದ್ದಾರೆ.

ಎಲ್ಲಿ, ಹೂಂ ಅನ್ನು? ...ಮಲಗೇಬಿಟ್ಯಾ. ಮಲಗು ಮಲಗು. ನಿನ್ನ ಬೆನ್ನು ತಟ್ತೀನಿ ಇರು. ಧಿಮ್. ಧಿಮ್.