ನೆತ್ತಿಗಣ್ಣಿನ ಜಿಗಿಹುಳು

ಹೊಳೆದಂಡೆಯ ಆಶ್ರಮವೊಂದರಲ್ಲಿ ಅಡವಯ್ಯ ಎಂಬ ಗುರುಗಳಿದ್ದರು. ಬೇರೆ ಗುರುಗಳು ವೇದಾಂತ ಹೇಳಿಕೊಟ್ಟರೆ ಇವರು ಹುಳುಗಳನ್ನು ಹೇಳಿಕೊಡುತ್ತಿದ್ದರು. ಎಲೆಯ ರಸ ಹೀರುತ್ತಾ ಕೂತು, ಮುಟ್ಟಹೋದರೆ ಚಂಗನೆ ನೆಗೆಯುವ ಜಿಗಿಹುಳುಗಳೆಂದರೆ ಅವರಿಗೆ ಪಂಚಪ್ರಾಣ.

ಶಿಷ್ಯ ಸೋಮಲಿಂಗ. ಹಸುಗೂಸಾಗಿದ್ದಾಗ ಯಾರೋ ಅವನನ್ನು ದೋಣಿಗಟ್ಟೆಯಲ್ಲಿ ಬಿಟ್ಟುಹೋಗಿದ್ದರು. ಗುರುಗಳೇ ಎತ್ತಿಕೊಂಡು ಬಂದು ಸಾಕಿದ್ದರು. "ನೀನು ಯಾರ ಪೈಕಿಯಪ್ಪಾ?" ಎಂದು ದಾರಿಹೋಕರು ಕೇಳಿದರೆ ಅವನ ಮುಖ ಸಪ್ಪಗಾಗುತ್ತಿತ್ತು.

ಒಂದು ಮಂಜಿನ ಬೆಳಗ್ಗೆ ಲಕ್ಕಿ ಗಿಡದ ಮೇಲೆ ಅವನಿಗೊಂದು ಜಿಗಿಹುಳು ಸಿಕ್ಕಿತು. ಮೈಯೆಲ್ಲ ಎಳೆ ಹಸಿರು. ಬಿಸಿಲು ಬಿದ್ದಾಗ ಹುಳು ಯಾವುದು, ಎಲೆ ಯಾವುದು ಎಂದೇ ತಿಳಿಯುತ್ತಿರಲಿಲ್ಲ.

"ಗುರುಗಳೇ, ಹೊಸದು!"

"ಹೊಸದು ಅಂತ ಕುಣಿದರೆ ಆಯಿತೇನೋ? ಅಂಗಾಂಗ ನೋಡು. ಯಾವ ಕುಲಕ್ಕೆ ಸೇರುತ್ತದೆ ಹೇಳು. ಆಮೇಲೆ ಹೆಸರಿಡೋಣ."

ಸೋಮಲಿಂಗ ಭೂತಗನ್ನಡಿ ಹಿಡಿದು ಕೂತ. ರೆಕ್ಕೆ ಒಂದು ಕುಲಕ್ಕೆ ಸರಿಹೊಂದಿತು. ಹಿಂಗಾಲಿನ ಮುಳ್ಳುಗಳೂ ಹೊಂದಿದವು. ಆದರೆ ಆ ಕುಲದ ಹುಳುಗಳಿಗೆಲ್ಲ, ದೊಡ್ಡ ಕಣ್ಣುಗಳಲ್ಲದೆ, ಧೂಳಿನ ಕಣದಂಥ ಎರಡು ಕಿರುಗಣ್ಣು ಹಣೆಯ ಅಂಚಿನಲ್ಲಿ. ಇದಕ್ಕೋ, ಅವು ನೆತ್ತಿಯ ಮೇಲಿದ್ದವು.

ಆಶ್ರಮದಲ್ಲಿ ಒಂದೊಂದು ಕುಲಕ್ಕೂ ಒಂದೊಂದು ಪೆಟ್ಟಿಗೆ. ಕುಲ ಸಿಗದ ಹುಳುಗಳು ಮೂಲೆಯ ಗಡಿಗೆಯಲ್ಲಿ ಹೆಸರಿಲ್ಲದೆ ಬಿದ್ದಿರುತ್ತಿದ್ದವು. ಇದೂ ಅಲ್ಲಿಗೇ ಹೋಗುತ್ತದೆಂದರೆ ಅವನಿಗೆ ಸಂಕಟವಾಯಿತು.

ಮಧ್ಯಾಹ್ನ ಕೂತಲ್ಲೇ ಜೊಂಪು ಹತ್ತಿತು. ಕನಸಿನಲ್ಲಿ ಹುಳುವನ್ನು ಅಂಗೈಯಲ್ಲಿಟ್ಟುಕೊಂಡು ಯಾವುದೋ ಬೀದಿಯಲ್ಲಿ ನಡೆಯುತ್ತಿದ್ದ. ಮನೆಗಳಿಗೆಲ್ಲ ಎಲೆಯ ಬಾಗಿಲು. ಒಳಗಿನವರು ಹುಳುವಿನ ನೆತ್ತಿ ನೋಡಿ, "ನಮ್ಮ ಪೈಕಿ ಅಲ್ಲ" ಎಂದು ಬಾಗಿಲು ಹಾಕಿಕೊಳ್ಳುತ್ತಿದ್ದರು. ಬೀದಿ ಮುಗಿಯುವ ಹೊತ್ತಿಗೆ ಅಂಗೈಯಲ್ಲಿ ಹುಳು ಇರಲಿಲ್ಲ. ಅಲ್ಲಿ ತಾನೇ ಕೂತಿದ್ದ.

ಎದ್ದಾಗ ಕಣ್ಣು ಒದ್ದೆಯಾಗಿತ್ತು.

ಸಂಜೆ ಗುರುಗಳಿಗೆ ಹುಳುವಿನ ವರ್ಣನೆ ಒಪ್ಪಿಸಿದ. ಅವರ ದೃಷ್ಟಿ ಮಂದವಾಗಿ ಬಹಳ ಕಾಲವಾಗಿತ್ತು. ಶಿಷ್ಯ ಹೇಳಿದಷ್ಟೇ ಅವರಿಗೆ ಕಾಣುತ್ತಿತ್ತು.

"ರೆಕ್ಕೆ ಹೇಳಿದೆ, ಕಾಲು ಹೇಳಿದೆ. ಕಿರುಗಣ್ಣು?"

ಸೋಮಲಿಂಗ ಹೊಳೆಯ ಕಡೆ ನೋಡಿದ.



"ಅದೊಂದನ್ನು ಬಿಟ್ಟರೆ ಇದಕ್ಕೊಂದು ಕುಲ ಸಿಗುತ್ತದೆ, ಗುರುಗಳೇ."

"ಸಿಗುತ್ತದೆ. ಆದರೆ ನೀನು ಕುಲಕ್ಕೆ ಸೇರಿಸಿದ್ದು ಈ ಹುಳುವನ್ನೋ, ಇನ್ಯಾವುದನ್ನೋ?"

ಸೋಮಲಿಂಗ ಕಣ್ಣೊರೆಸಿಕೊಂಡ. ಹುಳುವಿಗಾಗಿ ಅಳು ಬರುತ್ತಿದೆ ಎಂದು ತನಗೆ ತಾನೇ ಹೇಳಿಕೊಂಡ. ಅದನ್ನು ಅವನೇ ನಂಬಲಿಲ್ಲ.

"ನೆತ್ತಿಯ ಮೇಲಿವೆ" ಎಂದ.

ಗುರುಗಳ ಮುಖ ಅರಳಿತು. "ನೆತ್ತಿಯ ಮೇಲೆ! ಕೂತಲ್ಲೇ ಆಕಾಶ ನೋಡುವ ಹುಳುವೇ! ಹಾಗಾದರೆ ಹೊಸ ಕುಲವನ್ನೇ ಶುರುಮಾಡಬೇಕು."

ಗೋಡೆ ತಡವುತ್ತಾ ಹೋಗಿ, ಖಾಲಿ ಪೆಟ್ಟಿಗೆಯೊಂದನ್ನು ತಂದು ಅವನ ಮುಂದಿಟ್ಟರು.

ಸೋಮಲಿಂಗ ಅದರೊಳಗೆ ಇಣುಕಿದ. "ಇಷ್ಟು ದೊಡ್ಡ ಪೆಟ್ಟಿಗೆಯಲ್ಲಿ ಇದೊಂದೇ ಇರಬೇಕೇ ಗುರುಗಳೇ, ಒಂಟಿಯಾಗಿ? ಅದನ್ನೂ ಕುಲ ಅನ್ನುತ್ತಾರೆಯೇ?"

ಅಡವಯ್ಯ ಅವನ ತಲೆಯನ್ನು ಹುಡುಕಿ ಕೈಯಿಟ್ಟರು.

"ನಿನ್ನನ್ನು ಎತ್ತಿಕೊಂಡು ಬಂದ ದಿನ ಈ ಆಶ್ರಮದಲ್ಲಿ ನಾನೊಬ್ಬನೇ ಇದ್ದೆ ಕಣೋ."