ಬಗ್ಗಡ ಹಿಡಿದ ನೆಲ

"ಗುರುಗಳೇ, ನನ್ನಲ್ಲಿ ಭಕ್ತಿಯಿಲ್ಲ. ನಾಲಿಗೆಯ ರೂಢಿಯಿಂದ ಜಪ ನಡೆಯುತ್ತಿದೆ. ಇಂಥ ಜಪವನ್ನು ಬಿಟ್ಟುಬಿಡುವುದೇ ಪ್ರಾಮಾಣಿಕತೆಯಲ್ಲವೇ?" ಎಂದು ಶಿಷ್ಯೆ ಕೇಳಿದಳು.

ಗುರುಗಳು ಒಂದು ಕತೆ ಹೇಳಿದರು.

ಒಂದು ಪಟ್ಟಣದಲ್ಲಿ ಆಸ್ಪತ್ರೆಯ ನೆಲಮಾಳಿಗೆಗೆ ಆಳವಾದ ಗುಂಡಿ ತೆಗೆಯಬೇಕಾಗಿತ್ತು. ಪಕ್ಕದಲ್ಲೇ ಒಬ್ಬ ನೇಕಾರನ ಮನೆ. ನೆಲವೆಲ್ಲ ಸಡಿಲ ಮರಳು. ಸುಮ್ಮನೆ ಗುಂಡಿ ತೋಡಿದರೆ ಮನೆ ಅದರೊಳಗೆ ಜಾರುತ್ತಿತ್ತು. ಆದ್ದರಿಂದ ಗುಂಡಿಗೂ ಮೊದಲು, ನೆಲದೊಳಗೇ ಕಾಂಕ್ರೀಟ್ ಗೋಡೆ ಕಟ್ಟಲು ಹೊರಟರು. ಗೋಡೆಯಷ್ಟೇ ಅಗಲದ ಕಂದಕವನ್ನು ಯಂತ್ರ ತೋಡುತ್ತ ಹೋಯಿತು. ಮಣ್ಣು ಹೊರಬಂದಷ್ಟೂ ಜೇಡಿಮಣ್ಣು ಕಲಸಿದ ಬಗ್ಗಡವನ್ನು ಒಳಗೆ ತುಂಬಿದರು.

ಆ ಕೆಲಸಕ್ಕೆ ಹೊಸದಾಗಿ ಬಂದ ಒಬ್ಬ ಎಂಜಿನಿಯರ್ ಇದ್ದ. ಬದಿ ಕುಸಿಯದಂತೆ ಬಗ್ಗಡ ತಡೆಯುತ್ತದೆ ಎಂದು ಓದಿದ್ದರೂ ಅವನ ಮನಸ್ಸು ಒಪ್ಪಲಿಲ್ಲ. ಗಟ್ಟಿ ಗೋಡೆ ಏಳಬೇಕಾದ ಜಾಗದಲ್ಲಿ ಈ ಕೊಳಕು ನೀರೇಕೆ, ಒಮ್ಮೆ ತಳ ಕಾಣುವಂತೆ ಶುಚಿ ಮಾಡಿಬಿಡೋಣ ಎಂದುಕೊಂಡ. ಹಿರಿಯ ಎಂಜಿನಿಯರಮ್ಮ ಊಟಕ್ಕೆ ಹೋದಾಗ ಪಂಪು ಹಚ್ಚಿಸಿದ. ಬಗ್ಗಡ ಆಳುದ್ದ ಇಳಿಯಿತು. ಕಂದಕದ ಬದಿಯಿಂದ ಮರಳು ಉದುರತೊಡಗಿತು. ಮೇಲೆ ನೇಕಾರನ ಗೋಡೆ ಬಿರುಕುಬಿಟ್ಟಿತು. ಒಳಗೆ ಕೂಸು ಅಳುವುದು ಕೇಳಿಸಿತು.

ಹಿರಿಯಳು ಓಡಿಬಂದಳು. ಮನೆಯವರನ್ನು ಹೊರಗೆ ಕಳಿಸಲು ಆಳುಗಳನ್ನು ಅಟ್ಟಿದಳು. "ಬಗ್ಗಡವನ್ನು ಮತ್ತೆ ಒಳಗೆ ತುಂಬಿ. ಅಂಚು ಮುಟ್ಟುವ ತನಕ ನಿಲ್ಲಿಸಬೇಡಿ" ಎಂದಳು.

ಬಗ್ಗಡ ಏರಿತು. ಮರಳು ನಿಂತಿತು. ಬಿರುಕು ಇದ್ದಷ್ಟಕ್ಕೇ ಉಳಿಯಿತು. ಬೆರಳು ಅದ್ದಿದರೆ ದಾರಿ ಬಿಡುವ ಆ ನೀರು ಒಂದು ಮನೆಯನ್ನು ಹಿಡಿದು ನಿಲ್ಲಿಸಿತ್ತು.

ಮರುದಿನ ಕಬ್ಬಿಣದ ಹಂದರ ಇಳಿಸಿ, ಉದ್ದನೆಯ ಕೊಳವೆಯಲ್ಲಿ ಕಾಂಕ್ರೀಟನ್ನು ತಳಕ್ಕೇ ಬಿಟ್ಟರು. ಅದು ಕೆಳಗಿನಿಂದ ತುಂಬುತ್ತ ಬಂತು. ಯಾರ ಕಣ್ಣಿಗೂ ಕಾಣಿಸಲಿಲ್ಲ. ಬಗ್ಗಡ ಮಾತ್ರ ಸದ್ದಿಲ್ಲದೆ ಮೇಲೇರಿ, ಅಂಚು ದಾಟಿ ಹೊರಗೆ ಹರಿಯಿತು.

ಕೆಲವು ತಿಂಗಳ ಮೇಲೆ ಒಳಬದಿಯ ಮಣ್ಣನ್ನೆಲ್ಲ ತೆಗೆದರು. ಎಂಜಿನಿಯರ್ ಗುಂಡಿಗಿಳಿದು ತಲೆಯೆತ್ತಿ ನೋಡಿದ. ಏಳುವುದನ್ನು ಯಾರೂ ಕಾಣದ ಗೋಡೆ, ಮೈಮೇಲೆ ನೆಲದ ಅಚ್ಚನ್ನು ಹೊತ್ತು, ಆಕಾಶಕ್ಕೆ ಮುಖಮಾಡಿ ನಿಂತಿತ್ತು. ಅವನ ಕೈಗಳು ತಾವಾಗಿಯೇ ಮುಗಿದವು.

ಗುರುಗಳು ಕತೆ ನಿಲ್ಲಿಸಿದರು.

"ಆದರೆ ಕೊನೆಗೆ ಬಗ್ಗಡ ಹೊರಗೇ ಹೋಯಿತಲ್ಲ ಗುರುಗಳೇ?" ಎಂದಳು ಶಿಷ್ಯೆ.

"ಹೋಯಿತು ತಾಯಿ, ಕಾಂಕ್ರೀಟ್ ತಳದಿಂದ ಬಂದು ಕಳಿಸಿಕೊಟ್ಟ ಮೇಲೆ."

ಶಿಷ್ಯೆ ಕಣ್ಣು ಮುಚ್ಚಿ ಮತ್ತೆ ಜಪಕ್ಕೆ ಕುಳಿತಳು.