ಕಾರಿಗೆ ಕಟ್ಟಿದ ಕಾವಲು

"ಬುದ್ಧೀ, ಇಷ್ಟು ಕಾಯುತ್ತೇನೆ. ಆದರೂ ಮಗಳು ನನ್ನ ಮುಖ ಕಂಡರೆ ಉರಿದುಬೀಳುತ್ತಾಳೆ. ಯಾಕೆ?" ಎಂದು ನಿರ್ವಾಣಪ್ಪ ಮಠದ ಸ್ವಾಮಿಗಳನ್ನು ಕೇಳಿದ.

ತಾಯಿಯಿಲ್ಲದ ಮಗಳು. ಕಣ್ಣನ್ನು ರೆಪ್ಪೆ ಕಾಯುವಂತೆ ಕಾಯುತ್ತಿದ್ದ. ಕಾಲೇಜಿಗೆ ತಾನೇ ಬಿಡುತ್ತಿದ್ದ, ತಾನೇ ಕರೆತರುತ್ತಿದ್ದ. ಅವಳಿಗೆಂದೇ ಕೊಂಡ ಸ್ಕೂಟರಿನ ಕೀ ಅವನ ಜೇಬಿನಲ್ಲೇ ಇರುತ್ತಿತ್ತು. ನಿನ್ನೆಯಿಂದ ಅವಳು ಊಟ ಬಿಟ್ಟು ಕೋಣೆಯ ಬಾಗಿಲು ಹಾಕಿಕೊಂಡಿದ್ದಳು. ಒಳಗೆ ಏನು ಮಾಡಿಕೊಳ್ಳುತ್ತಾಳೋ ಎಂಬ ಭಯ. ತನ್ನ ತಂಗಿಯನ್ನು ಆ ಬಾಗಿಲಿಗೆ ಕಾವಲು ಕೂರಿಸಿ ಬಂದಿದ್ದ. ನಿಂತಲ್ಲೇ ಹೆಗಲ ವಸ್ತ್ರದ ಅಂಚಿನ ದಾರ ಕೀಳುತ್ತಿದ್ದ.

"ಕೂತುಕೋ," ಎಂದರು ಸ್ವಾಮಿಗಳು. "ಈ ಕೈಗೆ ರುದ್ರಾಕ್ಷಿ ಸರ ಕೊಟ್ಟರೆ ಅದನ್ನೂ ಹರಿದುಹಾಕುತ್ತೀಯ. ಕತೆ ಹೇಳುತ್ತೇನೆ, ಕೇಳು."

ಒಬ್ಬ ವ್ಯಾಪಾರಿ ಇದ್ದ. ಅವನ ಬಳಿ ಹಳೆಯ ಕಾಲದ ಒಂದು ಸ್ಪೋರ್ಟ್ಸ್ ಕಾರು. ಅಪ್ಪ ಬಿಟ್ಟುಹೋದದ್ದು. ಅದರ ಇಂಜಿನ್ ಒಮ್ಮೆ ಸುಟ್ಟಿತೆಂದರೆ ಮುಗಿಯಿತು, ಅಂಥದ್ದು ಇನ್ನೊಂದು ಸಿಗುವುದಿಲ್ಲ. ಅದನ್ನು ನೆನೆದು ರಾತ್ರಿ ಎರಡೆರಡು ಸಲ ಎದ್ದು ಕಾರು ನೋಡಿ ಬರುತ್ತಿದ್ದ.

ಆ ಇಂಜಿನ್ನಿಗೆ ನೀರಿನ ರೇಡಿಯೇಟರ್ ಇಲ್ಲ. ತಣಿಸುವ ಕೆಲಸ ಹೆಚ್ಚಾಗಿ ಎಣ್ಣೆಯದೇ. ಎಣ್ಣೆ ಹಿಂಭಾಗದಲ್ಲಿರುವ ಇಂಜಿನ್ನಿನಿಂದ ಕೊಳವೆಯಲ್ಲಿ ಕಾರಿನ ಮೂತಿಗೆ ಬರುತ್ತದೆ. ಅಲ್ಲಿರುವ ಕೂಲರಿನಲ್ಲಿ ಎದುರುಗಾಳಿಗೆ ಆರುತ್ತದೆ. ಮತ್ತೆ ಹಿಂದಕ್ಕೆ ಹೋಗುತ್ತದೆ. ಆ ಕೂಲರೋ, ತೆಳ್ಳನೆಯ ತಗಡು.

ಒಂದು ದಿನ ಮುಂದಿದ್ದ ಲಾರಿಯ ಚಕ್ರದಿಂದ ಕಲ್ಲು ಸಿಡಿದು ಕೂಲರಿನ ಪಕ್ಕಕ್ಕೆ ಬಡಿಯಿತು. ಏನೂ ಆಗಲಿಲ್ಲ. ಆಗಬಹುದಿತ್ತಲ್ಲ? ವ್ಯಾಪಾರಿ ಮನೆಗೆ ಬಂದವನೇ ಕೂಲರಿನ ಮುಂದೆ ಕಬ್ಬಿಣದ ಜಾಲರಿ ಕಟ್ಟಿಸಿದ. ಹುಳ ನುಗ್ಗಿದರೆ ಎಂದು ಅದರ ಮೇಲೆ ಸೊಳ್ಳೆ ಜಾಲರಿ. ಧೂಳು ಕೂತರೆ ಎಂದು ಇಡೀ ಮೂತಿಗೆ ರೆಕ್ಸಿನ್ ಹೊದಿಕೆ. ಯಾರದ್ದಾದರೂ ದೃಷ್ಟಿ ತಾಗಿದರೆ? ಅದಕ್ಕೆ ನಿಂಬೆಹಣ್ಣು, ಮೆಣಸಿನಕಾಯಿ, ಒಂದು ಕರಿ ಗೊಂಬೆ. ನಗಬೇಡ, ನಿರ್ವಾಣಪ್ಪ. ಅವನು ಪ್ರೀತಿಯಿಂದಲೇ ಕಟ್ಟಿದ್ದು.

ಹೆದರಿದವನ ಮೇಲೆ ಹಾವು ಹಾಕಿದಂತೆ, ಆಮೇಲೆ ಎಣ್ಣೆ ಕಾಯತೊಡಗಿತು. ಎಣ್ಣೆ ಬದಲಿಸಿದ, ಕಾಯಿತು. ಎಣ್ಣೆಗೆ ದಾರಿ ಬಿಡುವ ಥರ್ಮೋಸ್ಟ್ಯಾಟ್ ಕೆಟ್ಟಿರಬೇಕೆಂದು ಹೊಸದು ಹಾಕಿಸಿದ. ಕೊಳವೆ ಬಿಚ್ಚಿ ತೊಳೆಸಿದ. ಎಣ್ಣೆಯ ಬಿಸಿ ತೋರಿಸುವ ಮೀಟರೇ ಸುಳ್ಳು ಹೇಳುತ್ತಿದೆ ಎಂದು ಅದನ್ನೂ ಕಿತ್ತುಹಾಕಿದ. ಹೊಸ ಮೀಟರೂ ಅದನ್ನೇ ಹೇಳಿತು. ಮೂತಿಯನ್ನು ಮಾತ್ರ ಯಾವ ಮೆಕ್ಯಾನಿಕ್ಕಿಗೂ ಮುಟ್ಟಗೊಡಲಿಲ್ಲ. ಅಲ್ಲಿ ನಾನೇ ಎಲ್ಲ ಭದ್ರ ಮಾಡಿದ್ದೇನೆ ಎನ್ನುತ್ತಿದ್ದ. ಎಣ್ಣೆ ಕಾದಾಗಲೆಲ್ಲ ಅಲ್ಲಿಗೆ ಇನ್ನೊಂದು ನಿಂಬೆಹಣ್ಣು ಕಟ್ಟುತ್ತಿದ್ದ.

ಒಮ್ಮೆ ಹೆಂಡತಿಯನ್ನು ಕೂರಿಸಿಕೊಂಡು ಘಾಟಿ ಹತ್ತಿದ. ರಸ್ತೆ ನೋಡಲಿಲ್ಲ, ಮೀಟರಿನ ಮುಳ್ಳನ್ನೇ ನೋಡಿದ. ಪ್ರತಿ ತಿರುವಿಗೂ ಮುಳ್ಳು ಒಂದು ಕೂದಲೆಳೆ ಮೇಲೆ. ನಿಲ್ಲಿಸೋಣವೆಂದರೆ ಜಾಗವಿಲ್ಲ, ಹಿಂದೆ ಬಸ್ಸು ಹಾರ್ನ್ ಹೊಡೆಯುತ್ತಿದೆ. ಧೂಳು ಬರುತ್ತದೆಂದು ಹೆಂಡತಿಗೆ ಕಿಟಕಿ ಇಳಿಸಲೂ ಬಿಟ್ಟಿರಲಿಲ್ಲ, ಅವಳು ಬೆವರಿನಲ್ಲಿ ತೊಯ್ದಿದ್ದಳು. ಮುಳ್ಳು ಕೆಂಪು ಮುಟ್ಟಿತು. ಸುಟ್ಟ ಎಣ್ಣೆಯ ವಾಸನೆ ಬಂತು. ಹೇಗೋ ರಸ್ತೆಯ ಅಂಚಿಗೆ ತಂದು ಇಂಜಿನ್ ಆರಿಸಿದ. "ಮುಗಿಯಿತು ಕಣೇ, ಅಪ್ಪನ ಕಾರು ಹೋಯಿತು," ಎಂದು ಸ್ಟೀರಿಂಗಿನ ಮೇಲೆ ತಲೆಯಿಟ್ಟು ಅತ್ತ.

ಹೆಂಡತಿ ಇಳಿದು ಸೆರಗಿನಿಂದ ಗಾಳಿ ಬೀಸಿಕೊಂಡಳು. ಆಮೇಲೆ ಕಾರಿನ ಮೂತಿ ನೋಡಿದಳು.

"ನನಗಾದರೆ ಬಾಯಿದೆ, ಸೆಖೆ ಅಂತ ಬೈತೀನಿ. ಇದರ ಮೂಗು ಬಾಯಿ ಎಲ್ಲ ಮುಚ್ಚಿಟ್ಟಿದ್ದೀರಲ್ಲ, ಪಾಪ, ಇದು ಎಲ್ಲಿಂದ ಉಸಿರಾಡಬೇಕು?"

"ಬಿಚ್ಚಿದರೆ ಕಲ್ಲು ಬಡಿಯುತ್ತೆ."

"ಬಡಿದಾಗ ನೋಡ್ಕೊಳ್ಳೋಣ. ಈಗ ಸಾಯ್ತಿರೋದು ಕಲ್ಲಿಂದ ಅಲ್ಲವಲ್ಲ."

ವ್ಯಾಪಾರಿ ಇಳಿದು ಬಂದು ಮೂತಿಯ ಮುಂದೆ ಕೂತ. ಆಮೇಲೆ ಗೊಂಬೆ ಬಿಚ್ಚಿದ, ನಿಂಬೆಹಣ್ಣು ಬಿಚ್ಚಿದ, ಹೊದಿಕೆ ಬಿಚ್ಚಿದ. ಜಾಲರಿಗಳನ್ನು ಬಿಚ್ಚುವಾಗ ಸ್ವಂತ ಚರ್ಮ ಸುಲಿದಂತೆ ನರಳಿದ. ಇಂಜಿನ್ ತಣ್ಣಗಾದ ಮೇಲೆ ಎಣ್ಣೆ ನೋಡಿ, ಕಣ್ಣು ಮುಚ್ಚಿ ಕೀ ತಿರುಗಿಸಿದ. ಇಂಜಿನ್ ಶುರುವಾಯಿತು. ಘಾಟಿ ಹತ್ತಿತು. ಮುಳ್ಳು ನಡುವೆ ಬಂದು ಅಲ್ಲೇ ನಿಂತಿತು, ಅವನು ಮಾತ್ರ ಅದನ್ನು ನಂಬದೆ ನೋಡುತ್ತಲೇ ಇದ್ದ. ಇಳಿಯುವಾಗ ಟಣ್ ಎಂದಿತು. ಕಲ್ಲು.

"ನೋಡಿದಿರಾ ಬುದ್ಧೀ, ಕಲ್ಲು ಬಡಿದೇ ಬಡಿಯಿತಲ್ಲ," ಎಂದು ನಿರ್ವಾಣಪ್ಪ ಕೂತಲ್ಲಿಂದ ಎದ್ದೇಬಿಟ್ಟ. ಅವನ ಕೈ ತಾನಾಗಿ ಜೇಬಿನ ಕೀ ಹಿಡಿದುಕೊಂಡಿತ್ತು.

"ಬಡಿಯಿತು. ತಗಡು ಬಗ್ಗಿತು. ಕಾರು ಮನೆ ಸೇರಿತು."

ಸ್ವಾಮಿಗಳು ಅವನ ಜೇಬಿನ ಕಡೆ ನೋಡಿದರು.

"ನೀನು ಕಾದಷ್ಟೂ ಅವಳು ಕಾದಳು, ನಿರ್ವಾಣಪ್ಪ."